ನ್ಯೂಕ್ಲಿಯಸ್ ಇಲ್ಲದೆ ನೂರಿಪ್ಪತ್ತು ದಿನ

ಸಕ್ಕರೆ ಕಾಯಿಲೆಯವರಿಗೆ ಡಾಕ್ಟರು ಬರೆದುಕೊಡುವ ಪರೀಕ್ಷೆಗಳಲ್ಲಿ ಒಂದಕ್ಕೆ ಹೊಟ್ಟೆ ಖಾಲಿ ಇರಬೇಕೆಂಬ ನಿಯಮವಿಲ್ಲ. ಹಿಂದಿನ ದಿನ ಮದುವೆಮನೆಯಲ್ಲಿ ಎರಡು ಹೋಳಿಗೆ ಹೆಚ್ಚಿಗೆ ತಿಂದಿದ್ದರೂ, ಪರೀಕ್ಷೆಗೆ ಹೆದರಿ ಮೂರು ದಿನ ಮುದ್ದೆ-ಸೊಪ್ಪಿನಸಾರಿನಲ್ಲೇ ಕಳೆದಿದ್ದರೂ ಅದರ ಅಂಕಿ ಹೆಚ್ಚುಕಡಿಮೆ ಒಂದೇ. ವರದಿಯಲ್ಲಿ ಎಚ್‌ಬಿಎ1ಸಿ ಎಂದು ಅಚ್ಚಾಗಿರುತ್ತದೆ. ಲ್ಯಾಬಿನಲ್ಲಿ ಕೂತವರ ಬಾಯಲ್ಲಿ ಅದು 'ಮೂರು ತಿಂಗಳ ಶುಗರ್'. ಶೇ 5.7ಕ್ಕಿಂತ ಕಡಿಮೆ ಬಂದರೆ ನಿಶ್ಚಿಂತೆ, 6.5 ದಾಟಿದರೆ ಮಧುಮೇಹ. ಆದರೆ ಮೂರೇ ತಿಂಗಳು ಏಕೆ? ಒಂದು ವಾರದ್ದೋ ಒಂದು ವರ್ಷದ್ದೋ ಲೆಕ್ಕ ಏಕೆ ಸಿಗುವುದಿಲ್ಲ?

ಉತ್ತರ ಹುಡುಕಬೇಕಾದ್ದು ಸಕ್ಕರೆಯಲ್ಲಲ್ಲ, ಕೆಂಪು ರಕ್ತಕಣದಲ್ಲಿ. ರಕ್ತದಲ್ಲಿ ಓಡಾಡುವ ಗ್ಲೂಕೋಸ್ ಆ ಕಣದೊಳಗಿನ ಹಿಮೋಗ್ಲೋಬಿನ್ನಿಗೆ ತನ್ನಷ್ಟಕ್ಕೆ ಅಂಟಿಕೊಳ್ಳುತ್ತದೆ, ಅಂಟಿದ್ದು ಕಳಚುವುದಿಲ್ಲ. ಸಕ್ಕರೆ ಹೆಚ್ಚಿದ್ದಷ್ಟೂ ಅಂಟುವುದು ಹೆಚ್ಚು. 1960ರ ದಶಕದ ಕೊನೆಯಲ್ಲಿ ಟೆಹರಾನಿನ ಸ್ಯಾಮ್ಯುಯೆಲ್ ರಹಬಾರ್ ಮಧುಮೇಹಿಗಳ ರಕ್ತದಲ್ಲಿ ಇದನ್ನು ಗುರುತಿಸಿದರು. ದೇಹದ ಬೇರೆ ಕೋಶವಾಗಿದ್ದರೆ ಸಕ್ಕರೆ ಮೆತ್ತಿದ ಪ್ರೋಟೀನನ್ನು ಒಡೆದು ಹಾಕಿ ಹೊಸದನ್ನು ಮಾಡಿಕೊಳ್ಳುತ್ತಿತ್ತು, ಗುರುತು ಅಳಿಸಿಹೋಗುತ್ತಿತ್ತು. ಕೆಂಪು ಕಣಕ್ಕೆ ಆ ಸಾಮರ್ಥ್ಯವಿಲ್ಲ. ಹುಟ್ಟುವಾಗ ತುಂಬಿಕೊಂಡ ಹಿಮೋಗ್ಲೋಬಿನ್ನನ್ನೇ ಕೊನೆತನಕ ಹೊತ್ತು ತಿರುಗುತ್ತದೆ. ಅದರ ಆಯುಸ್ಸು ಸುಮಾರು 120 ದಿನ. ಒಂದು ಹನಿ ರಕ್ತದಲ್ಲಿ ನಿನ್ನೆ ಹುಟ್ಟಿದ ಕಣವೂ ಇರುತ್ತದೆ, ನಾಳೆ ಸಾಯುವ ಕಣವೂ ಇರುತ್ತದೆ. ಎಲ್ಲವನ್ನೂ ಸೇರಿಸಿ ಅಳೆದಾಗ ಸಿಗುವುದು ಎರಡು ಮೂರು ತಿಂಗಳ ಸರಾಸರಿ.

ಅಂದರೆ, ಒಂದು ಕೋಶದ ಅಸಹಾಯಕತೆಯೇ ವೈದ್ಯರಿಗೆ ಉಪಕಾರವಾಯಿತು. ಈ ಅಸಹಾಯಕತೆಯ ಬೆನ್ನು ಹತ್ತಿ ಹೋದರೆ ಜೀವಕೋಶದ ಒಂದೊಂದು ಭಾಗ ಯಾತಕ್ಕಿದೆ ಎಂಬುದು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಹೈಸ್ಕೂಲು ಮುಗಿಸಿದವರೆಲ್ಲ ಒಮ್ಮೆಯಾದರೂ 'ಜೀವಕೋಶದ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ' ಎಂಬ ಪ್ರಶ್ನೆ ಎದುರಿಸಿದ್ದಾರೆ. ಸುತ್ತ ಒಂದು ಗೆರೆ, ನಡುವೆ ದುಂಡನೆಯ ಕೋಶಕೇಂದ್ರ (ನ್ಯೂಕ್ಲಿಯಸ್), ಅಲ್ಲಲ್ಲಿ ಮೈಟೋಕಾಂಡ್ರಿಯ, ಮಡಿಕೆ ಮಡಿಕೆಯಾದ ಜಾಲ, ಚುಕ್ಕೆಗಳಾಗಿ ರೈಬೋಸೋಮು. ನಾಲ್ಕು ಅಂಕ. ಆದರೆ ನಮ್ಮ ಮೈಯಲ್ಲೇ ಎಣಿಸಿ ನೋಡಿದರೆ ಬಹುಪಾಲು ಕೋಶಗಳಿಗೆ ಈ ಚಿತ್ರ ಹೊಂದುವುದಿಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ಮೈಲೊ ಮತ್ತು ಸಂಗಡಿಗರು 2016ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ವಯಸ್ಕ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಕೋಶಗಳಿವೆ. ಅವುಗಳಲ್ಲಿ ಶೇ 84ರಷ್ಟು ಕೆಂಪು ರಕ್ತಕಣಗಳು. ತೂಕದಲ್ಲಿ ಅವುಗಳ ಪಾಲು ಚಿಕ್ಕದು, ಎಣಿಕೆಯಲ್ಲಿ ಐದರಲ್ಲಿ ನಾಲ್ಕಕ್ಕೂ ಮಿಕ್ಕಿ. ಅವುಗಳಲ್ಲಿ ಕೋಶಕೇಂದ್ರವಿಲ್ಲ, ಮೈಟೋಕಾಂಡ್ರಿಯವಿಲ್ಲ, ರೈಬೋಸೋಮಿಲ್ಲ. ಪರೀಕ್ಷೆಯಲ್ಲಿ ಒಂದು ಖಾಲಿ ವೃತ್ತ ಬರೆದಿಟ್ಟು ಬಂದವನ ಉತ್ತರವೇ ಲೆಕ್ಕದ ಪ್ರಕಾರ ಹೆಚ್ಚು ಸರಿ.

ಇತಿಹಾಸದಲ್ಲೂ ಮೊದಲು ಕಂಡದ್ದು ಖಾಲಿ ಕೋಶಗಳೇ. ಲಂಡನ್ನಿನ ರಾಬರ್ಟ್ ಹುಕ್ 1665ರಲ್ಲಿ ಪ್ರಕಟಿಸಿದ್ದು ಬೆಂಡಿನ ತೆಳುಹೋಳಿನಲ್ಲಿ ಕಂಡ ಸತ್ತ ಗೂಡುಗಳ ಚಿತ್ರ. ಜೀವವಿದ್ದಾಗ ಒಳಗಿದ್ದದ್ದೆಲ್ಲ ಒಣಗಿ ಬರೀ ಗೋಡೆ ಉಳಿದಿತ್ತು. ಅದಾಗಿ ಒಂಬತ್ತು ವರ್ಷಕ್ಕೆ ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತಾನೇ ಅರೆದು ಮಾಡಿಕೊಂಡ ಪುಟ್ಟ ಮಸೂರದಡಿ ರಕ್ತವನ್ನಿಟ್ಟು ಕೆಂಪು ಕಣಗಳನ್ನು ವಿವರಿಸಿದ. ಕೋಶಕ್ಕೊಂದು ಕೇಂದ್ರ ಸಾಮಾನ್ಯವಾಗಿ ಇರುತ್ತದೆ ಎಂದು ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ತೋರಿಸಿ ಹೆಸರಿಟ್ಟದ್ದು 1831ರಲ್ಲಿ, ಆರ್ಕಿಡ್ ಗಿಡಗಳನ್ನು ನೋಡುತ್ತ. ಅಲ್ಲಿಂದ ಮುಂದೆ ಕೇಂದ್ರವೇ ಕೋಶದ ಒಡೆಯ ಎಂಬ ಭಾವನೆ ಬೇರೂರಿತು. ಕಪ್ಪೆ, ಮೀನು, ಕೋಳಿಗಳ ಕೆಂಪು ಕಣಗಳಲ್ಲಿ ಕೇಂದ್ರ ಎದ್ದು ಕಾಣುತ್ತಿದ್ದುದೂ ಅದಕ್ಕೆ ಒತ್ತು ಕೊಟ್ಟಿತು. ಅದನ್ನು ಬಿಟ್ಟುಕೊಟ್ಟದ್ದು ಸಸ್ತನಿಗಳ ಕೆಂಪು ಕಣ.

ಬಿಟ್ಟುಕೊಟ್ಟದ್ದು ಎಂದು ಹೇಳಿದ್ದಕ್ಕೆ ಕಾರಣವಿದೆ. ಕೆಂಪು ಕಣ ಹುಟ್ಟುವಾಗ ಖಾಲಿಯಾಗಿರುವುದಿಲ್ಲ. ಮೂಳೆಮಜ್ಜೆಯ ಆಕರಕೋಶದಿಂದ ಕವಲೊಡೆದು, ಮೂತ್ರಪಿಂಡ ಕಳಿಸುವ ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನಿನ ಆಸರೆಯಲ್ಲಿ ಬೆಳೆಯುವ ಎಳೆಯ ಕಣದಲ್ಲಿ ಪಠ್ಯಪುಸ್ತಕದ ಎಲ್ಲ ಭಾಗಗಳೂ ಇರುತ್ತವೆ. ಮೂತ್ರಪಿಂಡ ಸೋತವರಿಗೆ ರಕ್ತಹೀನತೆ ಬರುವುದು ಈ ಹಾರ್ಮೋನು ಕಡಿಮೆಯಾಗಿ. ಈ ಹಂತದ ಕಣದೊಳಗೆ ಒಮ್ಮೆ ಇಣುಕೋಣ.

ಕೋಶಕೇಂದ್ರದಲ್ಲಿ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಇದೆ. ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಕಿರಿದಾದ ಜಾಗದಲ್ಲಿ ಅದು ಸುತ್ತಿ ಸುತ್ತಿ ಅಡಗಿದೆ. ಪ್ರೋಟೀನು ತಯಾರಿಕೆಯ ವಿವರವುಳ್ಳ ವಂಶವಾಹಿಗಳು ಅದರಲ್ಲಿ ಸುಮಾರು 20,000. ಇನ್ಸುಲಿನ್ ಮಾಡುವ ವಂಶವಾಹಿಯೂ ಈ ಕಣದಲ್ಲಿದೆ, ಕಣ್ಣಿನ ಬಣ್ಣದ್ದೂ ಇದೆ. ಆದರೆ ಅವೆಲ್ಲ ಇಲ್ಲಿ ಮುಚ್ಚಿಕೊಂಡಿವೆ. ಜೋರಾಗಿ ಕೆಲಸ ನಡೆದಿರುವುದು ಹಿಮೋಗ್ಲೋಬಿನ್ನಿಗೆ ಬೇಕಾದ ಗ್ಲೋಬಿನ್ ವಂಶವಾಹಿಗಳಲ್ಲಿ. ಮೈಯಲ್ಲಿ ಕೇಂದ್ರವುಳ್ಳ ಕೋಶಗಳಲ್ಲೆಲ್ಲ ಬರಹ ಹೆಚ್ಚುಕಡಿಮೆ ಒಂದೇ ಇದ್ದು, ಯಾವ ಕೋಶ ಯಾವ ಪುಟ ತೆರೆಯುತ್ತದೆ ಎಂಬುದರಿಂದ ನರಕೋಶವೂ ಚರ್ಮದ ಕೋಶವೂ ಬೇರೆಯಾಗುತ್ತವೆ.

ಡಿಎನ್‌ಎ ಕೇಂದ್ರ ಬಿಟ್ಟು ಹೊರಬರುವುದಿಲ್ಲ. ಬೇಕಾದ ಭಾಗದ ನಕಲು ಆರ್‌ಎನ್‌ಎ ರೂಪದಲ್ಲಿ ಹೊರಬಂದು ರೈಬೋಸೋಮಿಗೆ ಸಿಗುತ್ತದೆ. ನಕಲಿನಲ್ಲಿರುವ ಅಕ್ಷರಗಳನ್ನು ಮೂರು ಮೂರಾಗಿ ಓದಿ, ಒಂದೊಂದು ಗುಂಪಿಗೆ ಒಂದೊಂದು ಅಮೈನೊ ಆಮ್ಲ ಜೋಡಿಸುತ್ತ ರೈಬೋಸೋಮು ಪ್ರೋಟೀನಿನ ಸರಪಣಿ ಕಟ್ಟುತ್ತದೆ. ಯಾವ ಮೂರಕ್ಷರಕ್ಕೆ ಯಾವ ಆಮ್ಲ ಎಂಬ ಸಂಕೇತ ಬಿಡಿಸಿದವರಲ್ಲಿ ಒಬ್ಬರು ಹರಗೋಬಿಂದ ಖುರಾನಾ. ಅದಕ್ಕೆ 1968ರ ನೊಬೆಲ್ ಪಾಲು ಅವರಿಗೆ ಸಂದಿತು. ರೈಬೋಸೋಮಿನ ಒಳರಚನೆಯನ್ನು ಪರಮಾಣು ಪರಮಾಣುವಾಗಿ ಬಿಡಿಸಿ ತೋರಿಸಿದ್ದಕ್ಕೆ 2009ರ ನೊಬೆಲ್ ಹಂಚಿಕೊಂಡವರಲ್ಲಿ ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಇದ್ದಾರೆ.

ಸರಪಣಿಯಾದರೆ ಸಾಲದು, ಆಮ್ಲಜನಕ ಹಿಡಿಯಲು ಕಬ್ಬಿಣವುಳ್ಳ ಹೀಮ್ ಬೇಕು. ಅದರ ತಯಾರಿಕೆಯ ಮೊದಲ ಹಾಗೂ ಕೊನೆಯ ಹಂತಗಳು ನಡೆಯುವುದು ಮೈಟೋಕಾಂಡ್ರಿಯದೊಳಗೆ. ಶಾಲೆಯಲ್ಲಿ ನಾವು ಅದನ್ನು ಕೋಶಕ್ಕೆ ಶಕ್ತಿ ಒದಗಿಸುವ ಅಂಗ ಎಂದಷ್ಟೇ ಓದಿದ್ದೇವೆ. ಹೀಮ್ ಮಾಡುವುದೂ ಅದರ ಕಸುಬು. ಮೈಟೋಕಾಂಡ್ರಿಯಕ್ಕೆ ತನ್ನದೇ ಆದ ಪುಟ್ಟ ಡಿಎನ್‌ಎ ಉಂಗುರವಿದೆ, ಎರಡು ಪದರದ ಪೊರೆಯಿದೆ. ಬಹಳ ಹಿಂದೆ ಇನ್ನೊಂದು ಕೋಶದೊಳಗೆ ಸೇರಿ ಅಲ್ಲೇ ನೆಲೆಯೂರಿದ ಬ್ಯಾಕ್ಟೀರಿಯದ ವಂಶ ಅದು ಎಂದು ಅಮೆರಿಕದ ಲಿನ್ ಮಾರ್ಗುಲಿಸ್ 1967ರಲ್ಲಿ ವಾದಿಸಿದಾಗ ಬಹಳ ಮಂದಿ ನಂಬಲಿಲ್ಲ. ಅದರ ವಂಶವಾಹಿಗಳನ್ನು ಬ್ಯಾಕ್ಟೀರಿಯದವುಗಳ ಜೊತೆ ಹೋಲಿಸಿ ನೋಡಿದ ಮೇಲೆ ಒಪ್ಪದೆ ವಿಧಿಯಿರಲಿಲ್ಲ.

ಹಿಮೋಗ್ಲೋಬಿನ್ ಕಣದೊಳಗೇ ಉಳಿಯುವ ಸರಕು. ಪೊರೆಯ ಮೇಲೆ ಕೂರಬೇಕಾದ ಪ್ರೋಟೀನುಗಳ ದಾರಿ ಬೇರೆ. ಅವು ಎಂಡೊಪ್ಲಾಸ್ಮಿಕ್ ಜಾಲದ ಮೇಲೆ ತಯಾರಾಗಿ, ಗಾಲ್ಜಿ ಪದರಗಳನ್ನು ಹಾದು, ಸಕ್ಕರೆಯ ಕಣಿಕೆಗಳನ್ನು ಅಂಟಿಸಿಕೊಂಡು ಹೊರಮೈ ತಲುಪುತ್ತವೆ. ನಮ್ಮ ರಕ್ತದ ಗುಂಪು ನಿರ್ಧಾರವಾಗುವುದು ಇಲ್ಲೇ. ಗಾಲ್ಜಿಯಲ್ಲಿರುವ ಒಂದು ಕಿಣ್ವ ಸಕ್ಕರೆ ಸರಪಣಿಯ ತುದಿಗೆ ಒಂದು ಬಗೆಯ ಸಕ್ಕರೆ ಸೇರಿಸಿದರೆ ಎ ಗುಂಪು, ಇನ್ನೊಂದು ಬಗೆಯದನ್ನು ಸೇರಿಸಿದರೆ ಬಿ, ಎರಡೂ ಇದ್ದರೆ ಎಬಿ, ಕಿಣ್ವವೇ ಕೆಟ್ಟಿದ್ದರೆ ಒ. ಕೆಲವರಲ್ಲಿ ಸಕ್ಕರೆ ಸೇರಿಸಲು ಬೇಕಾದ ಬುಡವೇ ಸಿದ್ಧವಾಗುವುದಿಲ್ಲ. ಭೇಂಡೆ ಮತ್ತು ಸಹೋದ್ಯೋಗಿಗಳು ಮುಂಬೈಯಲ್ಲಿ ಗುರುತಿಸಿ 1952ರಲ್ಲಿ ಪ್ರಕಟಿಸಿದ 'ಬಾಂಬೆ ರಕ್ತಗುಂಪು' ಅದು. ಆ ಗುಂಪಿನವರಿಗೆ ಒ ರಕ್ತವೂ ಒಗ್ಗುವುದಿಲ್ಲ.

ಇಷ್ಟೆಲ್ಲ ಸಲಕರಣೆಗಳ ನೆರವಿನಿಂದ ಒಂದೊಂದು ಕಣವೂ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳನ್ನು ತುಂಬಿಕೊಳ್ಳುತ್ತದೆ. ಒಂದೊಂದರಲ್ಲೂ ನಾಲ್ಕು ಆಮ್ಲಜನಕಕ್ಕೆ ಜಾಗ. ಬಳಿಕ ಖಾಲಿಮಾಡುವ ಕೆಲಸ ಶುರುವಾಗುತ್ತದೆ.

ಮೂಳೆಮಜ್ಜೆಯಲ್ಲಿ ಎಳೆಯ ಕಣಗಳು ಒಂದು ದೊಡ್ಡ ಭಕ್ಷಕಕೋಶದ ಸುತ್ತ ಅಂಟಿಕೊಂಡು ಬೆಳೆಯುತ್ತಿರುತ್ತವೆ. ಸಮಯ ಬಂದಾಗ ಕಣ ತನ್ನ ಕೇಂದ್ರವನ್ನು ಕುಗ್ಗಿಸಿ ಒಂದು ಬದಿಗೆ ಸರಿಸುತ್ತದೆ, ತೆಳುಪೊರೆಯಲ್ಲಿ ಸುತ್ತಿ ಹೊರಕ್ಕೆ ದಬ್ಬುತ್ತದೆ. ಭಕ್ಷಕಕೋಶ ಅದನ್ನು ನುಂಗಿ, ತನ್ನ ಲೈಸೋಸೋಮುಗಳಲ್ಲಿ ಅರಗಿಸಿ, ಮರುಬಳಕೆಗೆ ಬಿಡುತ್ತದೆ. ಬೆಲ್ಜಿಯಮ್ಮಿನ ಕ್ರಿಶ್ಚಿಯನ್ ಡಿ ಡ್ಯೂವ್ 1955ರಲ್ಲಿ ಹೆಸರಿಟ್ಟ ಲೈಸೋಸೋಮು ಆಮ್ಲೀಯ ಕಿಣ್ವಗಳಿರುವ ಚೀಲ. ಕೋಶಕ್ಕೆ ಬೇಡವಾದದ್ದೆಲ್ಲ ಒಡೆದು ಚೂರಾಗುವುದು ಅಲ್ಲಿ. ಕೇಂದ್ರ ಹೋದ ಮೇಲೂ ಒಂದೆರಡು ದಿನ ಕಣದಲ್ಲಿ ರೈಬೋಸೋಮು, ಮೈಟೋಕಾಂಡ್ರಿಯ ಇರುತ್ತವೆ. ಮುಂಚೆ ತೆಗೆದಿಟ್ಟ ನಕಲುಗಳಿಂದ ಕೊನೆಯ ಕಂತಿನ ಹಿಮೋಗ್ಲೋಬಿನ್ ಮಾಡಿಕೊಂಡು, ಬಳಿಕ ಅವನ್ನೂ ಕಣವೇ ಅರಗಿಸಿ ಹಾಕುತ್ತದೆ. ಈ ನಡುವಿನ ಹಂತದ ಕಣಕ್ಕೆ ರೆಟಿಕ್ಯುಲೋಸೈಟ್ ಎಂದು ಹೆಸರು. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಕೊಟ್ಟ ವೈದ್ಯರು ಹಿಮೋಗ್ಲೋಬಿನ್ ಏರುವವರೆಗೆ ಕಾಯದೆ, ವಾರದೊಳಗೇ 'ರೆಟಿಕ್ ಕೌಂಟ್' ನೋಡಿ ಮದ್ದು ಹತ್ತುತ್ತಿದೆಯೇ ಎಂದು ತಿಳಿಯಬಹುದು. ರಕ್ತದಲ್ಲಿ ಎಳೆಯ ಕಣಗಳು ಹೆಚ್ಚಿದ್ದರೆ ಮಜ್ಜೆ ಕೆಲಸಕ್ಕಿಳಿದಿದೆ ಎಂದರ್ಥ.

ಇಷ್ಟು ಕಷ್ಟಪಟ್ಟು ಮಾಡಿಕೊಂಡದ್ದನ್ನು ಎಸೆಯುವುದೇಕೆ? ಮೊದಲ ಲಾಭ ಜಾಗ. ಕೇಂದ್ರ ಖಾಲಿಯಾದಲ್ಲೆಲ್ಲ ಹಿಮೋಗ್ಲೋಬಿನ್ನಿಗೆ ಎಡೆಯಾಯಿತು. ಎರಡನೆಯದು ಆಕಾರ. ಕೇಂದ್ರವಿಲ್ಲದ ಕಣ ನಡುವೆ ಹೆಬ್ಬೆರಳೊತ್ತಿದ ಹಾಲುಪೇಡೆಯ ಹಾಗೆ, ಎರಡೂ ಕಡೆ ತಗ್ಗಾಗಿ ಕೂರುತ್ತದೆ. ಹೊರಮೈ ಹೆಚ್ಚಾದುದರಿಂದ ಆಮ್ಲಜನಕ ಒಳಹೊರಗಾಗುವುದು ಸಲೀಸು. ಅಷ್ಟೇ ಅಲ್ಲ, ಏಳೆಂಟು ಮೈಕ್ರೋಮೀಟರ್ ಅಗಲದ ಕಣ ತನಗಿಂತ ಕಿರಿದಾದ ಲೋಮನಾಳಗಳಲ್ಲೂ ಮಡಿಚಿಕೊಂಡು ನುಸುಳಬಲ್ಲದು. ಕೇಂದ್ರ ಗಟ್ಟಿಯಾದದ್ದು; ಅದಿದ್ದರೆ ಈ ಬಳುಕು ಬರುತ್ತಿರಲಿಲ್ಲ. ಮೂರನೆಯದು ಎಲ್ಲಕ್ಕಿಂತ ಸೊಗಸಾದದ್ದು. ಮೈಟೋಕಾಂಡ್ರಿಯ ಆಮ್ಲಜನಕ ಬಳಸಿ ಗ್ಲೂಕೋಸನ್ನು ಉರಿಸುತ್ತದೆ. ಅದನ್ನು ಕಳಚಿ ಹಾಕಿದ ಕಣ ತಾನು ಹೊತ್ತ ಆಮ್ಲಜನಕದಲ್ಲಿ ಒಂದಿಷ್ಟನ್ನೂ ಶಕ್ತಿಗಾಗಿ ಉರಿಸಿಕೊಳ್ಳಲಾರದು. ಗ್ಲೂಕೋಸನ್ನು ಆಮ್ಲಜನಕವಿಲ್ಲದೆ ಅರ್ಧಕ್ಕೆ ಸೀಳಿ, ಒಂದು ಅಣುವಿಗೆ ಎರಡೇ ಎಟಿಪಿ (ಕೋಶ ಶಕ್ತಿಗಾಗಿ ಬಳಸುವ ಅಣು) ಗಳಿಸಿ, ಲ್ಯಾಕ್ಟಿಕ್ ಆಮ್ಲವನ್ನು ಹೊರಬಿಟ್ಟು ಬದುಕುತ್ತದೆ. ಮೈಟೋಕಾಂಡ್ರಿಯ ಇದ್ದಿದ್ದರೆ ಅದೇ ಅಣುವಿನಿಂದ ಸುಮಾರು 30 ಎಟಿಪಿ ಸಿಗುತ್ತಿತ್ತು.

ಇನ್ನು ಕಣ ಏನನ್ನು ಬಿಡಲಿಲ್ಲ ಎಂದು ನೋಡಬೇಕು. ಕೋಶವೊಂದು ಯಾವುದಿಲ್ಲದೆ ಇರಲಾರದು ಎಂಬುದು ಅಲ್ಲಿ ಗೊತ್ತಾಗುತ್ತದೆ.

ಮೊದಲನೆಯದು ಪೊರೆ. ದಪ್ಪ ಸುಮಾರು ಐದು ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಎರಡು ಲಕ್ಷದಲ್ಲಿ ಒಂದು ಭಾಗ. ಅದು ಹೇಗಿದೆ ಎಂದು ಮೊದಲು ತಿಳಿದದ್ದೂ ಕೆಂಪು ಕಣದಿಂದಲೇ, ಅದು ಖಾಲಿಯಾಗಿದೆ ಎಂಬ ಕಾರಣಕ್ಕೇ. ಬೇರೆ ಕೋಶಗಳನ್ನು ಜಜ್ಜಿದರೆ ಹೊರಪೊರೆಯ ಕೊಬ್ಬಿನ ಜೊತೆ ಒಳಗಿನ ಹತ್ತಾರು ಪೊರೆಗಳ ಕೊಬ್ಬೂ ಬೆರೆಯುತ್ತದೆ. ಕೆಂಪು ಕಣದಲ್ಲಿರುವುದು ಒಂದೇ ಪೊರೆ. 1925ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಣಿಸಿದಷ್ಟು ಕಣಗಳಿಂದ ಕೊಬ್ಬನ್ನು ತೆಗೆದು ನೀರಿನ ಮೇಲೆ ಒಂದೇ ಪದರವಾಗಿ ಹರಡಿದರು. ಅದು ಆವರಿಸಿದ ಜಾಗ ಕಣಗಳ ಮೇಲ್ಮೈಯ ಎರಡರಷ್ಟಿತ್ತು. ಹಾಗಾದರೆ ಪೊರೆಯಲ್ಲಿ ಕೊಬ್ಬು ಎರಡು ಪದರವಾಗಿರಬೇಕು ಎಂದು ತೀರ್ಮಾನಿಸಿದರು. ಅವರು ಕೊಬ್ಬನ್ನು ಪೂರ್ತಿ ತೆಗೆದಿರಲಿಲ್ಲ, ಕಣದ ಮೇಲ್ಮೈಯನ್ನೂ ಕಡಿಮೆ ಅಂದಾಜು ಮಾಡಿದ್ದರು ಎಂದು ದಶಕಗಳ ಬಳಿಕ ತಿಳಿಯಿತು. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿಯಾಗಿತ್ತು!

ಕೊಬ್ಬಿನ ಅಣುವಿನ ತಲೆಗೆ ನೀರು ಬೇಕು, ಬಾಲಕ್ಕೆ ನೀರು ಆಗದು. ಆದ್ದರಿಂದ ಎರಡು ಪದರ ಬಾಲಕ್ಕೆ ಬಾಲ ಹೊಂದಿಸಿ, ತಲೆಗಳನ್ನು ಒಳಗೂ ಹೊರಗೂ ಇರುವ ನೀರಿನ ಕಡೆಗಿಟ್ಟು ನಿಲ್ಲುತ್ತವೆ. ಆಮ್ಲಜನಕ ಇದನ್ನು ಸುಲಭವಾಗಿ ದಾಟುತ್ತದೆ. ಗ್ಲೂಕೋಸ್, ಉಪ್ಪಿನ ಅಯಾನುಗಳು ದಾಟಲಾರವು. ಅವಕ್ಕೆಂದು ಪೊರೆಯಲ್ಲಿ ಬೇರೆ ಬೇರೆ ಪ್ರೋಟೀನುಗಳು ಹುದುಗಿವೆ. ನೀರಿಗೂ ಒಂದು ದಾರಿಯಿದೆ ಎಂಬುದನ್ನು ಅಮೆರಿಕದ ಪೀಟರ್ ಆಗ್ರೆ ಕಂಡುಕೊಂಡದ್ದು ಕೆಂಪು ಕಣದಲ್ಲೇ. ಆರ್‌ಎಚ್ ರಕ್ತಗುಂಪಿನ ಪ್ರೋಟೀನನ್ನು ಹುಡುಕುತ್ತಿದ್ದವರಿಗೆ ಜೊತೆಯಲ್ಲಿ ಇನ್ನೊಂದು ಸಿಕ್ಕಿತು. ಅದು ನೀರನ್ನು ಹಾಯಿಸುವ ಕಾಲುವೆ ಎಂದು 1992ರಲ್ಲಿ ತೋರಿಸಿದರು. 2003ರಲ್ಲಿ ಅವರಿಗೆ ನೊಬೆಲ್ ಬಂತು.

ಎರಡನೆಯದು ಪಂಪು. ಕೋಶದ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಎರಡೂ ಸ್ವಲ್ಪ ಸ್ವಲ್ಪವೇ ಸೋರುತ್ತಿರುತ್ತವೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರಗಳಲ್ಲಿ ಗುರುತಿಸಿದ ಪಂಪು ಒಂದು ಎಟಿಪಿ ಖರ್ಚುಮಾಡಿ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ ಸಾಗಿಸುತ್ತ ಹಗಲಿರುಳು ದುಡಿಯುತ್ತದೆ. ಅದು ನಿಂತರೆ ಒಳಗೆ ಸೋಡಿಯಂ ಸೇರಿ, ಅದರ ಹಿಂದೆ ನೀರೂ ನುಗ್ಗಿ, ಕಣ ಉಬ್ಬಿ ಒಡೆಯುತ್ತದೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವಾಗ ಬರೀ ಶುದ್ಧ ನೀರನ್ನು ನಾಳಕ್ಕೆ ಬಿಡದಿರುವುದೂ ಇದೇ ಕಾರಣಕ್ಕೆ. ಬಾಟಲಿಯ ಮೇಲೆ ಶೇ 0.9 ಸೋಡಿಯಂ ಕ್ಲೋರೈಡ್ ಎಂದೋ ಶೇ 5 ಡೆಕ್ಸ್‌ಟ್ರೋಸ್ ಎಂದೋ ಬರೆದಿರುತ್ತದೆ. ಎರಡೂ ಕಣ ಉಬ್ಬದ, ಸೊರಗದ ಪ್ರಮಾಣಗಳು. ರಕ್ತನಿಧಿಯಲ್ಲಿ 2ರಿಂದ 6 ಡಿಗ್ರಿ ತಣ್ಪಿನಲ್ಲಿಟ್ಟ ಚೀಲದಲ್ಲಿ ಪಂಪು ನಿಧಾನವಾಗುತ್ತದೆ, ಪೊಟ್ಯಾಸಿಯಂ ಹೊರಗೆ ಸೋರಿ ಸೇರುತ್ತ ಹೋಗುತ್ತದೆ. ಚೀಲದಲ್ಲಿ ಕಣಗಳಿಗೆಂದೇ ಗ್ಲೂಕೋಸ್ ಬೆರೆಸಿದ್ದರೂ 35 ದಿನ, ಇನ್ನೂ ಉತ್ತಮ ದ್ರಾವಣವಿದ್ದರೆ 42 ದಿನ. ಅದಕ್ಕೂ ಮೀರಿ ಇಡುವಂತಿಲ್ಲ.

ಮೂರನೆಯದು ಪೊರೆಯ ಒಳಮೈಗೆ ಹೆಣೆದುಕೊಂಡ ಸ್ಪೆಕ್ಟ್ರಿನ್ ಎಂಬ ಪ್ರೋಟೀನಿನ ಬಲೆ. ಕಣ ಮಡಿಚಿ, ನುಸುಳಿ, ಮತ್ತೆ ಮೊದಲಿನ ಆಕಾರಕ್ಕೆ ಬರುವುದು ಅದರ ಬಲದಿಂದ. ಹುಟ್ಟಿನಿಂದಲೇ ಈ ಬಲೆಯ ಹಿಡಿತ ಸಡಿಲವಿದ್ದವರ ಕಣಗಳು ಚೆಂಡಾಗಿ ಉರುಟಿಕೊಂಡು ಬೇಗ ನಾಶವಾಗುತ್ತವೆ.

ಪೊರೆ, ಅದರೊಳಗೆ ಹೊರಗಿಗಿಂತ ಬೇರೆಯಾದ ದ್ರವ, ಆ ವ್ಯತ್ಯಾಸ ಉಳಿಸಿಕೊಳ್ಳಲು ಶಕ್ತಿ, ಆಕಾರ ಹಿಡಿದಿಡುವ ಬಲೆ. ಇಷ್ಟಿದ್ದರೆ ಕೋಶ ನಡೆಯುತ್ತದೆ. ನಿಮಿಷಕ್ಕೊಂದರಂತೆ ಮೈಯನ್ನು ಸುತ್ತುತ್ತ, ಜೀವಮಾನದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸುತ್ತು ಹಾಕುತ್ತದೆ. ಕೇಂದ್ರದ ಅಪ್ಪಣೆಗಾಗಿ ಒಮ್ಮೆಯೂ ಕಾಯುವುದಿಲ್ಲ. ಹಾಗಿದ್ದರೆ ಕೋಶಕೇಂದ್ರದ ಅಗತ್ಯವಾದರೂ ಏನು?

ಅದು 120ನೇ ದಿನದ ಹೊತ್ತಿಗೆ ತಿಳಿಯುತ್ತದೆ. ಬದುಕಿರುವ ಕೋಶದಲ್ಲಿ ಪ್ರೋಟೀನುಗಳು ಸದಾ ಕೆಡುತ್ತಿರುತ್ತವೆ. ಯಕೃತ್ತಿನ ಕೋಶದಂಥವು ಕೆಟ್ಟದ್ದನ್ನು ಒಡೆದು, ಕೇಂದ್ರದಿಂದ ನಕಲು ತರಿಸಿ, ರೈಬೋಸೋಮಿನಲ್ಲಿ ಹೊಸದನ್ನು ಮಾಡಿ ಹಾಕಿಕೊಳ್ಳುತ್ತಲೇ ಇರುತ್ತವೆ. ಬಹುಪಾಲು ಪ್ರೋಟೀನುಗಳು ಕೆಲವೇ ದಿನಗಳಲ್ಲಿ ಬದಲಾಗಿಬಿಡುತ್ತವೆ. ಕೆಂಪು ಕಣಕ್ಕೆ ಆ ದಾರಿ ಮುಚ್ಚಿದೆ. ಆಮ್ಲಜನಕದ ನಡುವೆಯೇ ಬಾಳುವುದರಿಂದ ಅದರ ಪ್ರೋಟೀನುಗಳಿಗೆ ಪೆಟ್ಟು ಬೀಳುತ್ತದೆ, ಪೊರೆ ಚೂರು ಚೂರೇ ಉದುರುತ್ತದೆ, ಕಿಣ್ವಗಳು ಒಂದೊಂದಾಗಿ ಮಂಕಾಗುತ್ತವೆ, ಬಳುಕು ಕಡಿಮೆಯಾಗುತ್ತದೆ. ಹೊಟ್ಟೆಯ ಎಡಭಾಗದಲ್ಲಿರುವ ಗುಲ್ಮದಲ್ಲಿ ರಕ್ತ ತೀರ ಇಕ್ಕಟ್ಟಾದ ಸೀಳುಗಳನ್ನು ಹಾದುಹೋಗಬೇಕು. ಬಳುಕು ಉಳಿಸಿಕೊಂಡ ಕಣ ದಾಟುತ್ತದೆ, ಸೆಡೆತದ್ದು ಸಿಕ್ಕಿಬೀಳುತ್ತದೆ. ಗುಲ್ಮದಲ್ಲೂ ಯಕೃತ್ತಿನಲ್ಲೂ ಇರುವ ಭಕ್ಷಕಕೋಶಗಳು ಮುದಿಯಾದವನ್ನು ಗುರುತಿಸಿ ನುಂಗುತ್ತವೆ. ಹೀಮ್ ಒಡೆದು ಬಿಲಿರುಬಿನ್ ಆಗುತ್ತದೆ. ಅದು ಹೊರಹೋಗದೆ ಮೈಯಲ್ಲಿ ಉಳಿದರೆ ಕಾಣುವುದೇ ಕಾಮಾಲೆಯ ಹಳದಿ. ಕಬ್ಬಿಣ ಮಾತ್ರ ಹಾಳಾಗುವುದಿಲ್ಲ. ದಿನಕ್ಕೆ 20-25 ಮಿಲಿಗ್ರಾಮಿನಷ್ಟು ಕಬ್ಬಿಣ ಸತ್ತ ಕಣಗಳಿಂದ ಮಜ್ಜೆಗೆ ಮರಳುತ್ತದೆ. ಊಟದಿಂದ ಮೈ ಹೀರುವುದು ಒಂದೆರಡು ಮಿಲಿಗ್ರಾಂ ಅಷ್ಟೇ. ಅಷ್ಟೂ ಸಿಗದಿದ್ದಾಗ, ಅಥವಾ ತಿಂಗಳ ಮುಟ್ಟಿನಲ್ಲಿ, ಹೆರಿಗೆಯಲ್ಲಿ ಹೋದದ್ದು ತುಂಬಿಬರದಿದ್ದಾಗ ರಕ್ತಹೀನತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ಅದಿದೆ.

ಕೇಂದ್ರವಿಲ್ಲದಿರುವುದರ ಪರಿಣಾಮ ಇನ್ನೂ ಕೆಲವು ಕಡೆ ಕಾಣುತ್ತದೆ. ಅಪರಾಧ ನಡೆದ ಜಾಗದ ರಕ್ತದ ಕಲೆಯಿಂದ ಡಿಎನ್‌ಎ ತೆಗೆದರು ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಆ ಡಿಎನ್‌ಎ ಬಂದದ್ದು ಬಿಳಿ ರಕ್ತಕಣಗಳಿಂದ. ವೈರಸ್ಸು ಬೆಳೆಯಬೇಕಾದರೆ ಆತಿಥೇಯ ಕೋಶದ ರೈಬೋಸೋಮು ಬೇಕು. ಕೆಂಪು ಕಣದೊಳಗೆ ಅದಕ್ಕೆ ಏನೂ ಗಿಟ್ಟದು. ಮಲೇರಿಯ ಪರಾವಲಂಬಿಯ ಸಂಗತಿ ಇದಕ್ಕೆ ತಿರುಗುಮುರುಗು. ಅದು ತಾನೇ ಪೂರ್ಣ ಕೋಶ, ಸಲಕರಣೆಗಳೆಲ್ಲ ಅದರ ಬಳಿಯೇ ಇವೆ. ಅದಕ್ಕೆ ಬೇಕಾದ್ದು ಅಡಗಲು ಜಾಗ, ತಿನ್ನಲು ಪ್ರೋಟೀನು. ಬೇರೆ ಕೋಶಗಳು ಒಳಗೆ ಶತ್ರು ಹೊಕ್ಕರೆ ಅದರ ತುಣುಕುಗಳನ್ನು ಹೊರಮೈಯಲ್ಲಿ ತೋರಿಸಿ ರೋಗನಿರೋಧಕ ಪಡೆಯನ್ನು ಕರೆಯುತ್ತವೆ. ಕೆಂಪು ಕಣಕ್ಕೆ ಆ ಏರ್ಪಾಡಿಲ್ಲ. ಮಲೇರಿಯ ಹಿಮೋಗ್ಲೋಬಿನ್ನನ್ನೇ ಮೇಯುತ್ತ ಅಲ್ಲಿ ನಿರಾತಂಕವಾಗಿ ಬೆಳೆಯುತ್ತದೆ.

ವಂಶವಾಹಿಯಲ್ಲೇ ದೋಷವಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಿಕಲ್ ಸೆಲ್ ಕಾಯಿಲೆ ಉದಾಹರಣೆ. ಹಿಮೋಗ್ಲೋಬಿನ್ನಿನ ಬೀಟಾ ಸರಪಣಿಯ 146 ಅಮೈನೊ ಆಮ್ಲಗಳಲ್ಲಿ ಆರನೆಯದೊಂದು ಬದಲಾಗಿರುತ್ತದೆ, ಅಷ್ಟೇ. ಕೇಂಬ್ರಿಜ್ಜಿನಲ್ಲಿ ವರ್ನನ್ ಇಂಗ್ರಾಂ ಇದನ್ನು 1950ರ ದಶಕದಲ್ಲಿ ಪತ್ತೆಮಾಡಿದರು. ಆಮ್ಲಜನಕ ಇಳಿಸಿದೊಡನೆ ಆ ಹಿಮೋಗ್ಲೋಬಿನ್ ಉದ್ದನೆಯ ಎಳೆಗಳಾಗಿ ಕಟ್ಟಿಕೊಂಡು ಕಣವನ್ನು ಕುಡುಗೋಲಿನಂತೆ ಬಾಗಿಸುತ್ತದೆ. ಕಿರಿದಾದ ನಾಳಗಳಲ್ಲಿ ಕಣಗಳು ಸಿಕ್ಕಿಕೊಂಡು ತಡೆಯಲಾಗದ ನೋವು. ಆಯುಸ್ಸು 120 ದಿನದಿಂದ 10-20 ದಿನಕ್ಕೆ ಇಳಿಯುತ್ತದೆ. ಇಂಥವರಲ್ಲಿ 'ಮೂರು ತಿಂಗಳ ಶುಗರ್' ಪರೀಕ್ಷೆಯನ್ನು ನಂಬುವಂತಿಲ್ಲ, ಸಕ್ಕರೆ ಅಂಟಲು ಕಣಕ್ಕೆ ಸಮಯವೇ ಸಿಕ್ಕಿರುವುದಿಲ್ಲ. ಭಾರತದಲ್ಲಿ ಈ ಲಕ್ಷಣ ಮೊದಲು ವರದಿಯಾದದ್ದು 1952ರಲ್ಲಿ, ನೀಲಗಿರಿಯ ಆದಿವಾಸಿಗಳಲ್ಲಿ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನಾ ಕಾರ್ಯಕ್ರಮದ ವ್ಯಾಪ್ತಿಯಲ್ಲಿ ಕರ್ನಾಟಕವೂ ಇದೆ. ಅದೇ ವರ್ಷದ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ಈ ಕಾಯಿಲೆಗೆ ವಂಶವಾಹಿ ತಿದ್ದುವ ಕ್ರಿಸ್ಪರ್ ವಿಧಾನದ ಚಿಕಿತ್ಸೆ ನೀಡಲು ಒಪ್ಪಿಗೆ ಕೊಟ್ಟವು. ಕೆಂಪು ಕಣದಲ್ಲಿ ತಿದ್ದಲು ಡಿಎನ್‌ಎಯೇ ಇಲ್ಲ. ಆದ್ದರಿಂದ ರೋಗಿಯ ಆಕರಕೋಶಗಳನ್ನು ಹೊರತೆಗೆದು, ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ಮತ್ತೆ ತಯಾರಾಗುವಂತೆ ತಿದ್ದಿ, ಮೈಗೆ ಮರಳಿಸುತ್ತಾರೆ. ಕಾಯಿಲೆ ಕಾಣುವುದು ಕಣದಲ್ಲಿ, ಮದ್ದು ಮಾಡಬೇಕಾದ್ದು ಅದರ ಹೆತ್ತಕೋಶಕ್ಕೆ.

ಹೀಗೆ ನೋಡಿದಾಗ ಕೋಶದ ಭಾಗಗಳು ಎರಡು ಗುಂಪಾಗಿ ನಿಲ್ಲುತ್ತವೆ. ಪೊರೆ, ಪಂಪು, ಗ್ಲೂಕೋಸ್ ಸೀಳುವ ಕಿಣ್ವಗಳು ಈ ಹೊತ್ತು ಬದುಕಿರಲು. ಕೋಶಕೇಂದ್ರ, ರೈಬೋಸೋಮು, ಜಾಲ, ಗಾಲ್ಜಿ, ಲೈಸೋಸೋಮುಗಳು ಸವೆದದ್ದನ್ನು ಸರಿಪಡಿಸಿಕೊಂಡು ಮುಂದೆಯೂ ಬದುಕಲು, ಒಂದು ಎರಡಾಗಲು. ಎರಡನೆಯ ಗುಂಪನ್ನು ಕೈಬಿಟ್ಟ ಕೋಶ ಅಂದೇ ಸಾಯುವುದಿಲ್ಲ, ಅದರ ಆಯುಸ್ಸಿಗೆ ಗಡುವು ಬೀಳುತ್ತದೆ ಅಷ್ಟೇ. ಗಡುವು ಬಿದ್ದ ಕೋಶವನ್ನು ನೆಚ್ಚಿಕೊಂಡ ದೇಹ ಅದಕ್ಕೊಂದು ವ್ಯವಸ್ಥೆ ಮಾಡಿಕೊಳ್ಳಬೇಕು.

ರಕ್ತದಲ್ಲಿ ಆ ವ್ಯವಸ್ಥೆ ಬದಲಿ ಕಣಗಳದ್ದು. ಮಜ್ಜೆ ಸೆಕೆಂಡಿಗೆ ಸುಮಾರು 24 ಲಕ್ಷ ಹೊಸ ಕಣಗಳನ್ನು ಬಿಡುತ್ತದೆ, ಅಷ್ಟೇ ಸಂಖ್ಯೆಯವು ಸಾಯುತ್ತವೆ. ಗಿಡಗಳಲ್ಲಿ ಬೇರೆ ಏರ್ಪಾಡು. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಸಾಗಿಸುವ ಫ್ಲೋಯಂನ ಜರಡಿನಾಳದ ಕೋಶಗಳೂ ಬೆಳೆದ ಮೇಲೆ ಕೇಂದ್ರ ಕಳೆದುಕೊಳ್ಳುತ್ತವೆ. ರಸ ಸರಾಗವಾಗಿ ಹರಿಯಲೆಂದು. ತೆಂಗಿನ ಹೊಂಬಾಳೆ ಕೊಯ್ದು ಇಳಿಸುವ ನೀರಾ ಈ ನಾಳಗಳ ರಸವೇ. ಒಂದೊಂದು ನಾಳಕೋಶದ ಪಕ್ಕದಲ್ಲೂ ಕೇಂದ್ರವುಳ್ಳ ಸಂಗಾತಿ ಕೋಶವೊಂದು ಕೂತು, ಬೇಕಾದ ಪ್ರೋಟೀನುಗಳನ್ನು ಸಣ್ಣ ಕಂಡಿಗಳ ಮೂಲಕ ಒದಗಿಸುತ್ತ ಅದನ್ನು ಸಾಕುತ್ತದೆ.

ಕಣ್ಣಿನ ಮಸೂರಕ್ಕೆ ಈ ಎರಡೂ ಭಾಗ್ಯವಿಲ್ಲ. ಬೆಳಕಿಗೆ ಅಡ್ಡಬರಬಾರದೆಂದು ಅಲ್ಲಿನ ಕೋಶಗಳು ಕೇಂದ್ರವನ್ನೂ ಮೈಟೋಕಾಂಡ್ರಿಯವನ್ನೂ ಕಳಚಿ ಪಾರದರ್ಶಕವಾಗುತ್ತವೆ. ಮಸೂರದ ನಟ್ಟನಡುವಿನ ಕೋಶಗಳು ನಾವು ತಾಯಹೊಟ್ಟೆಯಲ್ಲಿದ್ದಾಗ ಆದವು. ಅವು ಸಾಯುವುದಿಲ್ಲ, ಬದಲಾಗುವುದಿಲ್ಲ, ಅವುಗಳ ಪ್ರೋಟೀನನ್ನು ಹೊಸದಾಗಿ ಮಾಡಿಕೊಡುವವರೂ ಇಲ್ಲ. ಅರುವತ್ತು ಎಪ್ಪತ್ತು ವರ್ಷ ಬೆಳಕನ್ನು ಹಾಯಿಸುತ್ತ ಆ ಪ್ರೋಟೀನುಗಳು ಹಳದಿಗಟ್ಟುತ್ತವೆ, ಒಂದಕ್ಕೊಂದು ಅಂಟಿಕೊಂಡು ಮಂಜಾಗುತ್ತವೆ. ಅದನ್ನೇ ನಾವು ಕಣ್ಣಿಗೆ ಪೊರೆ ಬಂದಿದೆ ಎನ್ನುವುದು. ದೇಹ ಅಲ್ಲಿ ಬದಲಿ ಏರ್ಪಾಡು ಮಾಡಿಕೊಂಡಿಲ್ಲವಾದ್ದರಿಂದ ಆ ಕೆಲಸ ಕಣ್ಣಿನ ಡಾಕ್ಟರ ಪಾಲಿಗೆ ಬಂದಿದೆ: ಹಳೆಯದನ್ನು ತೆಗೆದು ಪ್ಲಾಸ್ಟಿಕ್ ಮಸೂರ ಹಾಕಿ, ಸಂಜೆಗೆ ಮನೆಗೆ ಕಳಿಸುತ್ತಾರೆ.